ನಮ್ಮ ಯಜಮಾನರ ಕಾಲು, ನನ್ನ ಎರಡು ಇಟ್ಟಂಗಿ

ನಾನು ಕಲಿತದ್ದು ಎರಡನೇ ಇಯತ್ತೆ. ಆದರೇನು? ನಮ್ಮ ಓಣಿಯಲ್ಲಿ ಯಾರಿಗೆ ಜ್ವರ ಬರಲಿ, ಯಾರ ಕೂಸು ಹಾಲು ಕಕ್ಕಲಿ, ಮೊದಲು ಬರುತ್ತಿದ್ದದ್ದು ನನ್ನ ಬಾಗಿಲಿಗೆ. ಹೀಗಾಗಿ ಡಾಕ್ಟರಿಕೆ ಎಂದರೆ ರೊಟ್ಟಿ ಬಡಿದಷ್ಟೇ ಸುಲಭ ಎಂದು ನಾನು ತಿಳಿದಿದ್ದೆ. ಅದನ್ನು ಈಗ ಬರೆಯುವಾಗ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತೇನೆ. ಬಿಸಿಲಿಗಲ್ಲ, ನಾಚಿಕೆಗೆ!

ಕಿತ್ತೂರಿನ ದೊಡ್ಡ ರಸ್ತೆಯ ಬದಿಗೆ ನಮ್ಮದೊಂದು ಚಾದ ಅಂಗಡಿ. ಸಕ್ಕರೆಗೂ ಚಿಮಣಿ ಎಣ್ಣೆಗೂ ಪಾಳಿ ಹಚ್ಚುತ್ತಿದ್ದ ಕಾಲ ಅದು. ಪುಣೆ ಕಡೆಯ ಲಾರಿ, ಬೆಂಗಳೂರು ಕಡೆಯ ಲಾರಿ ಎಲ್ಲ ನಮ್ಮ ಮುಂದೆಯೇ ನಿಲ್ಲುತ್ತಿದ್ದವು. ನಮ್ಮ ಯಜಮಾನರ ಮಿರ್ಚಿ ಭಜಿಗೆ ಅಷ್ಟು ಹೆಸರು. ಬೆಳಕು ಹರಿಯುವಾಗ ಕಡಾಯಿಯ ಮುಂದೆ ನಿಂತರೆ ದೀಪ ಹಚ್ಚುವ ತನಕ ನಿಂತೇ ಇರುತ್ತಿದ್ದರು. ಕುಳಿತು ಕರಿದರೆ ಭಜಿ ಉಬ್ಬದೆ ಮಲಗಿಬಿಡುತ್ತದೆ ಎಂಬುದು ಅವರ ಸಿದ್ಧಾಂತ. ಭಜಿ ಮಲಗಲಿಲ್ಲ. ಮೂವತ್ತು ವರ್ಷ ನಿಂತು ನಿಂತು ಅವರ ಕಾಲೇ ಮಲಗಿತು.

ಎಡಗಾಲು. ಮೊಣಕಾಲ ಕೆಳಗೆ ನರಗಳು ಉಬ್ಬಿ, ಗಂಟುಗಂಟಾಗಿ, ಆಲದ ಬೇರಿನ ಹಾಗೆ ತಿರುಚಿಕೊಂಡಿದ್ದವು. ಹಿಂಬಡದ ಮೇಲೆ ಒಳಮಗ್ಗುಲಿಗೆ ಚರ್ಮ ಕಪ್ಪಾಗಿ, ತುರಿಸಿ ತುರಿಸಿ ಒಂದು ಹುಣ್ಣಾಗಿತ್ತು. ಎಂಟಾಣೆಯಷ್ಟು ಅಗಲ. ಅರಿಶಿನ ಹಚ್ಚಿದೆ. ಬೇವು ಅರೆದು ಕಟ್ಟಿದೆ. ಕೊಬ್ಬರಿ ಸುಟ್ಟು ಸವರಿದೆ. ಹುಣ್ಣು ಎಲ್ಲವನ್ನೂ ತಿಂದು ತೇಗಿತು. ವರ್ಷ ಕಳೆದರೂ ಮಾಯಲಿಲ್ಲ. ಕೊನೆಗೆ ಬೈಲಹೊಂಗಲದ ಡಾಕ್ಟರ ಹತ್ತಿರ ಹೋದೆವು.

ಡಾಕ್ಟರು ಹೊಸಬರು. ಮೀಸೆ ಇನ್ನೂ ಪೂರ್ತಿ ಬಂದಿರಲಿಲ್ಲ. ಅರ್ಧ ಬೆಂದ ಭಜಿ ಎಂದು ಅವರನ್ನು ನೋಡಿದ ಕೂಡಲೇ ತೀರ್ಮಾನಿಸಿದೆ.

ಅವರು ನಮ್ಮ ಯಜಮಾನರನ್ನು ಮೊದಲು ನಿಲ್ಲಿಸಿ ಕಾಲು ನೋಡಿದರು. ಆಮೇಲೆ ಮೇಜಿನ ಮೇಲೆ ಮಲಗಿಸಿ ಕಾಲನ್ನು ಮೇಲಕ್ಕೆತ್ತಿ ಹಿಡಿದರು. ಏನಾಶ್ಚರ್ಯ! ಉಬ್ಬಿದ ನರಗಳೆಲ್ಲ ಕಣ್ಣೆದುರಿಗೇ ಇಳಿದು ಮಾಯವಾದವು.

"ಆತು ಬಿಡ್ರಿ! ಗುಣಾತು! ನಡೀರಿ ಮನಿಗೆ!" ಎಂದು ಚೀಲ ಎತ್ತಿಕೊಂಡೆ.

"ಅವ್ವಾರ, ಒಂದೀಟು ತಡೀರಿ" ಎಂದರು ಡಾಕ್ಟರು. ತೊಡೆಗೆ ಒಂದು ರಬ್ಬರಿನ ನಳಿಗೆ ಬಿಗಿದು, ಯಜಮಾನರನ್ನು ಎಬ್ಬಿಸಿ ನಿಲ್ಲಿಸಿ, ನಳಿಗೆ ಬಿಚ್ಚಿದರು. ಕೆರೆಯ ತೂಬು ಎತ್ತಿದ ಹಾಗೆ ಮೇಲಿನಿಂದ ರಕ್ತ ಇಳಿದು ನರಗಳು ಮತ್ತೆ ಉಬ್ಬಿದವು.

"ನೋಡ್ರಿ ಅವ್ವಾರ, ಈ ನರದಾಗ ಸಣ್ಣ ಸಣ್ಣ ಬಾಗಲಾ ಇರತಾವ. ಕಾಲಿಂದ ಮ್ಯಾಲ ಏರಿದ ರಕ್ತ ಹಿಂದಕ್ಕ ಬೀಳಬಾರದಂತ ಮುಚ್ಚಿಕೊಂತಾವ. ಇವರ ಬಾಗಲಾ ಕೆಟ್ಟಾವ. ರಕ್ತ ಕಾಲಾಗ ನಿಂತು ಹುಣ್ಣು ಮಾಯವಲ್ದು."

"ಬಾಗಲಾ ಕೆಟ್ರ ಬಡಿಗ್ಯಾರನ್ನ ಕರೀಬೇಕಲ್ರಿ?"

ಡಾಕ್ಟರು ನಗಲಿಲ್ಲ. "ಬಡಿಗ್ಯಾರು ಬೆಳಗಾವ್ಯಾಗ ಅದಾರ್ರಿ. ಕಾಲು ಕೊಯ್ದು ಕೆಟ್ಟ ನರಾ ಕಿತ್ತು ತಗೀತಾರ."

ನಮ್ಮ ಯಜಮಾನರ ಮುಖ ಕಡಲೆ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಕುದಿಯುವ ಎಣ್ಣೆಗೆ ಅಂಜದ ಮನುಷ್ಯ, ಕೊಯ್ಯುವುದು ಎಂದರೆ ಸಾಯುತ್ತಾರೆ. ಅವರ ಅಣ್ಣ ಹೊಟ್ಟೆ ಕೊಯ್ಯಿಸಿಕೊಳ್ಳಲು ಹೋದವರು ತಿರುಗಿ ಬಂದಿರಲಿಲ್ಲ.

"ಸಾಹೇಬ್ರ, ಏನರ ಮಾಡ್ರಿ, ಕೊಯ್ಯೂದೊಂದು ಬ್ಯಾಡ್ರಿ" ಎಂದು ಕೈ ಮುಗಿದರು.

ಡಾಕ್ಟರು ಎರಡು ತಿಂಗಳ ಗಡುವು ಕೊಟ್ಟರು. ಯಜಮಾನರು ಪರದೆಯ ಹಿಂದೆ ಧೋತರ ಉಟ್ಟುಕೊಳ್ಳುತ್ತಿದ್ದಾಗ ಉಪಚಾರ ಹೇಗೆಂದು ನನ್ನೊಬ್ಬಳಿಗೆ ಹೇಳಿದರು. ಮಂಚದ ಕಾಲಿನ ಕಡೆ ಎರಡು ಇಟ್ಟಂಗಿ ಇಟ್ಟು ಎತ್ತರ ಮಾಡಬೇಕು. ಬೆಳಿಗ್ಗೆ ನೆಲಕ್ಕೆ ಕಾಲು ಇಡುವ ಮೊದಲೇ, ಎಳೆದರೆ ಹಿಗ್ಗುವ ಪಟ್ಟಿಯನ್ನು ಕಾಲ್ಬೆರಳಿನಿಂದ ಮೊಣಕಾಲಿನವರೆಗೆ ಸುತ್ತಬೇಕು, ಕೆಳಗೆ ಬಿಗಿ, ಮೇಲೆ ಸಡಿಲು. ಹುಣ್ಣು ಮಾಯ್ದರೆ ಕೊಯ್ಯುವುದು ಬೇಡ. ಮಾಯದಿದ್ದರೆ ಬೆಳಗಾವಿ. ಇಷ್ಟನ್ನೂ ದೊಡ್ಡ ದೊಡ್ಡ ಕನ್ನಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಬಸ್ಸಿನಲ್ಲಿ ಯಜಮಾನರು ಕೇಳಿದರು, "ಏನಂದ್ರು?"

"ನಾ ಅದೀನಲ್ಲ? ಎರಡು ತಿಂಗಳದಾಗ ಮಾಯಸ್ತೇನಿ. ನೀವು ಸುಮ್ಮ ಹೇಳಿದ್ದು ಕೇಳ್ರಿ."

"ನೀ ಅಂದಿ ಅಂದ್ರ ಮುಗೀತು" ಎಂದು ನಿಶ್ಚಿಂತೆಯಿಂದ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋದರು. ಆ ಮಾತು ಈಗಲೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ಮನೆಗೆ ಬಂದು ಇಟ್ಟಂಗಿ ಹಿಡಿದು ಮಂಚದ ಮುಂದೆ ನಿಂತೆ. ಆಗ ನನ್ನ ಬುದ್ಧಿ ಕೆಲಸ ಮಾಡತೊಡಗಿತು. ಅದೇ ಕೆಟ್ಟದ್ದು!

ಮಂಚದ ಕಾಲಿನ ಕಡೆಗೆ ದೇವರ ಜಗಲಿ. ಅಲ್ಲಿ ಇಟ್ಟಂಗಿ ಇಟ್ಟರೆ ಗಂಡನ ಅಂಗಾಲು ನೇರ ದೇವರ ಮುಖಕ್ಕೆ! ಅಲ್ಲದೆ, ಕಾಲು ತಲೆಗಿಂತ ಮೇಲಾದ ಮನೆ ಉದ್ಧಾರವಾದದ್ದುಂಟೆ? ಇನ್ನೂ ಒಂದು ಮಾತು. ನನ್ನ ತವರು ಮನೋಳಿ, ಮಲಪ್ರಭೆಯ ದಂಡೆ. ನೀರು ಹಾಯಿಸಿ ಬೆಳೆದವರು ನಾವು. ನೀರು ಮುಟ್ಟದ ಮಡಿ ಒಣಗುತ್ತದೆ, ಮುಟ್ಟಿದ ಮಡಿ ಚಿಗುರುತ್ತದೆ. ಹುಣ್ಣು ಚಿಗುರಬೇಕಾದರೆ ಅದಕ್ಕೆ ರಕ್ತ ಹಾಯಬೇಕಲ್ಲವೆ? ಹಾಯಬೇಕಾದರೆ ತಲೆಯೇ ಮೇಲಿರಬೇಕು. ಪಾಪ, ಎಳೇ ಹುಡುಗ, ಅವಸರದಲ್ಲಿ ತಲೆ ಎನ್ನುವ ಬದಲು ಕಾಲು ಎಂದಿದ್ದಾನೆ. ಡಾಕ್ಟರ ತಪ್ಪನ್ನು ಮನಸ್ಸಿನಲ್ಲೇ ಮಾಫಿ ಮಾಡಿ, ಇಟ್ಟಂಗಿಗಳನ್ನು ತಲೆಯ ಕಡೆ ಇಟ್ಟೆ.

ಚೀಟಿ ಸೊಸೆ ಶಾಂತಾಳ ಕೈಯಲ್ಲಿತ್ತು. "ಅತ್ತಿ, ಇದರಾಗ ಕಾಲಿನ ಕಡೆ ಅಂತ ಬರದಾರಲ್ರಿ?" ಎಂದಳು ಮೆಲ್ಲಗೆ.

"ಏಳನೇತ್ತ ಕಲ್ತಾಕಿ ಅಂತ ನನಗ ಶಾಣ್ಯಾತನ ಹೇಳಬ್ಯಾಡ. ನಿಮ್ಮ ಮಾವನ ಕಾಲು ದೇವರ ಮಾರಿಗೆ ಹಿಡೀಬೇಕೇನು? ರೊಟ್ಟಿ ಹೊತ್ತತಾವ, ನಡಿ."

ಅವಳು ಮಾವನಿಗಾದರೂ ಹೇಳಬಹುದಿತ್ತು. ಆದರೆ ಸೊಸೆ ಮಾವನ ಎದುರು ಬಾಯಿ ತೆರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ಆ ರೂಢಿಯನ್ನು ಹೊಡೆದು ಕಲಿಸಿದವಳೂ ನಾನೇ. ಚೀಟಿ ಮಡಚಿ ಸಂಚಿಯಲ್ಲಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ನೋಡಿದರೆ ಯಜಮಾನರು ಮಂಚದ ಕೆಳತುದಿಯಲ್ಲಿ ಕಾಳಿನ ಚೀಲದ ಹಾಗೆ ಮುದುಡಿ ಬಿದ್ದಿದ್ದಾರೆ.

"ಏ, ಇದೇನು ಮಂಚಾನೋ ಜಾರಬಂಡಿನೋ? ಇದ್ದಬಿದ್ದ ಭಾರೆಲ್ಲ ಕಾಲಿಗೇ ಬಂದೈತಿ."

"ಔಷಧ ಅಂದ್ರ ಚೂರು ತ್ರಾಸ ಇರತೈತ್ರಿ. ಸಣ್ಣ ಹುಡುಗರಂಗ ಮಾಡಬ್ಯಾಡ್ರಿ."

ಮೂರನೆಯ ದಿನ ಅವರ ಎರಡೂ ಕಂಕುಳಲ್ಲಿ ಹಳೆಯ ಸೀರೆ ಹಾಯಿಸಿ ಮಂಚದ ತಲೆಕಟ್ಟಿಗೆ ಬಿಗಿದೆ. ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಕಾಣುತ್ತಿದ್ದರು. ಆದರೂ ಸಹಿಸಿಕೊಂಡರು. ಆಪರೇಶನ್ ತಪ್ಪುತ್ತದಲ್ಲ!

ಪಟ್ಟಿಯ ಕತೆ ಬೇರೆ. ವಾರದಲ್ಲಿ ಅದು ಹೊಲಸಾಯಿತು. ಒಗೆದೆ. ಒಗೆದ ಮೇಲೆ ಧೋತರಕ್ಕೆ ಹಾಕುವ ಗಂಜಿಯಲ್ಲೇ ಅದ್ದಿ, ಉರಿಬಿಸಿಲಿಗೆ ಹರವಿ, ಮೇಲೆ ಇಸ್ತ್ರಿ ಕೂಡ ಹೊಡೆದೆ. ಹಪ್ಪಳವಾಯಿತು! ಎಳೆದರೆ ಹಿಗ್ಗುವ ಗುಣ ಹೋಗಿ, ಎಳೆದರೆ ಚಟ್ ಎನ್ನುವ ಗುಣ ಬಂತು. ಅದನ್ನು ಸುತ್ತುವುದೂ ನನ್ನದೇ ಪದ್ಧತಿ. ಕೆಳಗಿನಿಂದ ಸುತ್ತಿದರೆ ಜಾರುತ್ತದೆ ಎಂದು ಮೊಣಕಾಲ ಹತ್ತಿರ ಬಿಗಿದು ಕಟ್ಟಿ ಕೆಳಕ್ಕೆ ಇಳಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕಾಲ್ಬೆರಳು ಐದೂ ಬದನೆಕಾಯಿಯ ಹಾಗೆ ಊದಿಕೊಳ್ಳುತ್ತಿದ್ದವು.

"ರಕ್ತ ಹಾಯಾಕ ಹತ್ತೈತಿ" ಎಂದು ಓಣಿಯ ಹೆಂಗಸರಿಗೆ ತೋರಿಸಿದೆ. ಅವರೂ ತಲೆಯಾಡಿಸಿದರು. ಖುಷಿಗೆ ಮೂರನೆಯ ಇಟ್ಟಂಗಿಯನ್ನೂ ಇಟ್ಟೆ!

ಎರಡು ತಿಂಗಳಲ್ಲಿ ಎಂಟಾಣೆಯ ಹುಣ್ಣು ಅಂಗೈಯಷ್ಟಾಯಿತು.

ಬೈಲಹೊಂಗಲದ ಡಾಕ್ಟರು ಕಾಲು ನೋಡಿ ಕುರ್ಚಿಯಿಂದ ಎದ್ದುಬಿಟ್ಟರು. "ನಾ ಹೇಳಿದಂಗ ಮಾಡಿದ್ರಿಲ್ಲೋ?"

"ನೀವು ಹೇಳಿದ್ದಕ್ಕಿಂತ ಹೆಚ್ಚಿಗಿ ಮಾಡೇನ್ರಿ. ಎರಡಲ್ಲ, ಮೂರು ಇಟ್ಟಂಗಿ!"

ಅವರು ತಲೆ ಕೆರೆದುಕೊಂಡು ಬೆಳಗಾವಿಯ ದೊಡ್ಡ ದವಾಖಾನೆಗೆ ಚೀಟಿ ಬರೆದರು. ಯಜಮಾನರು ಮನೆಗೆ ಬಂದು, ಭಜಿ ಎತ್ತುವ ಝಾರಾವನ್ನು ತೊಳೆದು ಒರೆಸಿ ನನ್ನ ಕೈಗೆ ಕೊಟ್ಟರು.

"ಹಿಟ್ಟಿಗೆ ಅಜವಾನ ಹಾಕೂದು ಮರೀಬ್ಯಾಡ" ಎಂದರು. "ಲಾರಿಯವರಿಗೆ ಖಾರ ಜಾಸ್ತಿ ಬೇಕಾಗತೈತಿ."

ಮೃತ್ಯುಪತ್ರವನ್ನು ಹೀಗೆ ಅಜವಾನದಲ್ಲಿ ಬರೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆ ದಿನ ಮೊದಲ ಸಲ ನನಗೆ ಅಂಜಿಕೆ ಬಂತು. ಬುದ್ಧಿ ಮಾತ್ರ ಬರಲಿಲ್ಲ.

ಶಾಂತಾಳನ್ನೂ ಕರೆದುಕೊಂಡು ಬೆಳಗಾವಿಗೆ ಹೊರಟಾಗ ಮೂರೂ ಇಟ್ಟಂಗಿಗಳನ್ನು ಚೀಲಕ್ಕೆ ಹಾಕಿದೆ. ಊರು ಬೇರೆ, ಅವರ ಇಟ್ಟಂಗಿ ಹೆಂಗಿರುತ್ತವೋ!

ಕಂಡಕ್ಟರ್ ಚೀಲ ಎತ್ತಲು ಹೋಗಿ ಬಗ್ಗಿಯೇ ಉಳಿದ. "ಯವ್ವಾ, ಬೆಳಗಾವ್ಯಾಗ ಮನಿ ಕಟ್ಟಸಾಕ ಹೊಂಟೀಯೇನ?"

"ನಮ್ಮ ಮನಿ ಬೀಳಬಾರದಂತ ಹೊಂಟೇನಿ. ಸುಮ್ಮ ಮ್ಯಾಲ ಇಡು" ಎಂದೆ.

ದವಾಖಾನೆಯಲ್ಲಿ ಮಂಚ ಸಿಕ್ಕಿತು. ಮರುದಿನ ಬೆಳಿಗ್ಗೆ ತಲೆ ನೆರೆತ ದೊಡ್ಡ ಡಾಕ್ಟರು ಬಂದರು. ಹಿಂದೆ ನಾಲ್ಕು ಜನ ಕಲಿಯುವ ಡಾಕ್ಟರು, ಒಬ್ಬ ನರ್ಸಬಾಯಿ. ಕಾಲು ನೋಡಿದರು. ಬೈಲಹೊಂಗಲದ ಕಾಗದ ಓದಿದರು. ಹುಬ್ಬು ಗಂಟಾಯಿತು.

"ಎರಡು ತಿಂಗಳ ಮಂಚಾ ಎತ್ತರ ಮಾಡಿ ಮಲಗಿದ್ರೂ ಹಿಂಗಾತು? ಹೆಂಗ ಎತ್ತರ ಮಾಡಿದ್ರಿ?"

ಹೇಳುವುದೇನು, ಮಾಡಿಯೇ ತೋರಿಸೋಣ ಎಂದು ಚೀಲ ಬಿಚ್ಚಿದೆ. ವಾರ್ಡಿನ ಮಂದಿಯೆಲ್ಲ ಕತ್ತು ಉದ್ದ ಮಾಡಿದರು. ಸೆರಗು ಸೊಂಟಕ್ಕೆ ಸಿಗಿಸಿ, ಒಬ್ಬ ಕಲಿಯುವ ಡಾಕ್ಟರನಿಂದ ಮಂಚ ಎತ್ತಿಸಿ, ತಲೆಯ ಕಡೆ ಒಂದರ ಮೇಲೊಂದು ಜೋಡಿಸಿದೆ. ಯಜಮಾನರು ಅಭ್ಯಾಸಬಲದಿಂದ ಸರ್ರನೆ ಕೆಳಗೆ ಜಾರಿದರು.

"ಹಿಂಗರಿ!" ಎಂದು ಕೈ ಝಾಡಿಸಿದೆ.

ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ತಲಿ ಕಡೆ ಇಡ್ರಿ ಅಂತ ಯಾರು ಹೇಳಿದ್ರು?"

ಆಗ ನನ್ನ ಹಿಂದೆ ಕಾಗದದ ಸಪ್ಪಳವಾಯಿತು. ಶಾಂತಾ ತಲೆಯ ಮೇಲೆ ಸೆರಗು ಎಳೆದುಕೊಂಡು, ಸಂಚಿಯಿಂದ ಎರಡು ತಿಂಗಳ ಹಿಂದಿನ ಚೀಟಿ ತೆಗೆದು, ಸಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಓದಿದಳು. "ಮಂಚದ ಕಾಲಿನ ಕಡೆ ಎರಡು ಇಟ್ಟಂಗಿ ಇಡುವುದು. ತಲೆಯ ಕಡೆ ಇಡಬಾರದು."

'ಇಡಬಾರದು' ಎಂಬುದಕ್ಕೆ ಡಾಕ್ಟರು ಕೆಳಗೆ ಗೆರೆಯನ್ನೂ ಎಳೆದಿದ್ದರಂತೆ!

ಮೊದಲು ನಕ್ಕವರು ಪಕ್ಕದ ಮಂಚದ ಮುದುಕರು. ಆಮೇಲೆ ಇಡೀ ವಾರ್ಡು. ನಾನು ನೋಡುತ್ತಿದ್ದದ್ದು ನಮ್ಮ ಯಜಮಾನರ ಮುಖವನ್ನು. ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಹಂಗಾರ ನಾ ಎರಡು ತಿಂಗಳ ಜಾರಿದ್ದೆಲ್ಲ ಪುಕ್ಕಟನೇನ?" ಎಂದಷ್ಟೇ ಕೇಳಿದರು.

ನೆಲ ಬಿರಿದು ನುಂಗಬಾರದೆ ಎಂದು ಹೆಂಗಸರು ಅನ್ನುವುದನ್ನು ಕೇಳಿದ್ದೆ. ಆ ದವಾಖಾನೆಯ ನೆಲ ಗಟ್ಟಿ ಕಲ್ಲಿನದು. ಬಿರಿಯಲಿಲ್ಲ. ಬೈಲಹೊಂಗಲದಲ್ಲಿ ಕಾಲು ಎತ್ತಿ ಹಿಡಿದ ಕೂಡಲೇ ನರ ಇಳಿದದ್ದನ್ನು ಈ ಎರಡು ಕಣ್ಣಿನಿಂದಲೇ ನೋಡಿದ್ದೆನಲ್ಲ! ಕುರುಡಿಯಾದರೂ ಕೇಳಿ ತಿಳಿಯುತ್ತಿದ್ದಳು. ನಾನು ಕಂಡೂ ತಿಳಿಯಲಿಲ್ಲ.

ದೊಡ್ಡ ಡಾಕ್ಟರು ಕೊಯ್ಯುವುದನ್ನು ಮುಂದೂಡಿದರು. "ಮೊದಲ ಉಪಚಾರ ಇನ್ನ ಸುರುನ ಆಗಿಲ್ಲ" ಎಂದರು. ನರ್ಸಬಾಯಿ ನನ್ನ ಇಟ್ಟಂಗಿಗಳನ್ನೇ ಎತ್ತಿ ಮಂಚದ ಈ ತುದಿಯಿಂದ ಆ ತುದಿಗೆ ಒಯ್ದಿಟ್ಟಳು. ಆರು ಅಡಿ. ಅಷ್ಟೇ ಔಷಧ. ಹೊಸ ಪಟ್ಟಿಯನ್ನು ಬೆರಳಿನಿಂದ ಮೇಲಕ್ಕೆ ಸುತ್ತುವುದನ್ನು ಶಾಂತಾಳಿಗೆ ಕಲಿಸಿದಳು. ನನಗೆ ಕಲಿಸಲು ಅವಳಿಗೆ ಧೈರ್ಯವಾಗಲಿಲ್ಲ.

ವಾರದಲ್ಲಿ ಊದು ಇಳಿಯಿತು. ಹದಿನೈದು ದಿನಕ್ಕೆ ಹುಣ್ಣಿನ ಅಂಚಿನಲ್ಲಿ ಎಳೆ ಚರ್ಮ ಬಂತು. ತಿಂಗಳು ದಾಟುವ ಹೊತ್ತಿಗೆ ಅಂಗೈ ಹೋಗಿ ಕಡಲೆಕಾಳು ಉಳಿಯಿತು. "ಸದ್ಯಕ್ಕ ಕೊಯ್ಯೂದು ಬ್ಯಾಡ. ಪಟ್ಟಿ ಬಿಡಬ್ಯಾಡ್ರಿ, ನಿಂತು ಕರಿಯೂದು ಬಿಡ್ರಿ" ಎಂದು ಮನೆಗೆ ಕಳಿಸಿದರು.

ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ, "ತಪ್ಪಾತ್ರಿ" ಎಂದೆ. ಮದುವೆಯಾದಾಗಿನಿಂದ ಅಂದಿರದ ಮಾತು.

"ಏನಂದಿ? ಕೇಳಸಲಿಲ್ಲ."

"ತಪ್ಪಾತು ಅಂದೆ!"

"ಇನ್ನೊಮ್ಮೆ ಅನ್ನು. ಬಸ್ಸಿನ ಸಪ್ಪಳ ಭಾಳ ಐತಿ."

ಮುಂದಿನ ಸೀಟಿನವರು ತಿರುಗಿ ನೋಡುವ ತನಕ ಅನ್ನಿಸಿದರು.

ಇಲ್ಲಿಗೆ ಮುಗಿದಿದ್ದರೆ ನನ್ನ ಅರ್ಧ ಮರ್ಯಾದೆ ಉಳಿಯುತ್ತಿತ್ತು. ಈಗ ಯಜಮಾನರು ಎತ್ತರದ ಸ್ಟೂಲಿನ ಮೇಲೆ ಕುಳಿತು ಕರಿಯುತ್ತಾರೆ. ಭಜಿ ಏನೂ ಮಲಗಲಿಲ್ಲ. ಹುಣ್ಣು ಪೂರ್ತಿ ಮಾಯ್ದದ್ದನ್ನು ತೋರಿಸಲು ಬೈಲಹೊಂಗಲಕ್ಕೆ ಹೋದಾಗ ಆ ಎಳೇ ಡಾಕ್ಟರು ಯಜಮಾನರ ಕಾಲು ನೋಡಿ ಸಂತೋಷಪಟ್ಟು, ಆಮೇಲೆ ನನ್ನ ಸೀರೆಯ ಅಂಚಿನ ಕೆಳಗೆ ಬಗ್ಗಿ ನೋಡಿದರು.

"ಅವ್ವಾರ, ನಿಮ್ಮ ಕಾಲಾಗೂ ಬಾಗಲಾ ಕೆಟ್ಟಾವಲ್ರಿ!"

ಮೂವತ್ತು ವರ್ಷ ಚಾದ ಒಲೆಯ ಮುಂದೆ ನಾನೂ ನಿಂತಿದ್ದೆನಲ್ಲ!

ಮನೆಗೆ ಬಂದ ಕೂಡಲೇ ಯಜಮಾನರೇ ಇಟ್ಟಂಗಿ ಹೊತ್ತು ತಂದರು. ನನ್ನ ಮಂಚದ ಮುಂದೆ ನಿಂತು, ಅಂಗಡಿಯ ಮಂದಿಗೆಲ್ಲ ಕೇಳುವ ಹಾಗೆ, "ಯಾವ ಕಡೆ ಇಡೂನರಿ, ಡಾಕ್ಟರಬಾಯಾರ?" ಎಂದರು.

ನಾನು ಕಾಲಿನ ಕಡೆಗಿದ್ದ ದೇವರ ಜಗಲಿಯನ್ನು ನೋಡಿದೆ.

"ಮಂಚಾನ ತಿರುವಿ ಹಾಕಿದ್ರ ಆತಲ್ರಿ ಮಾವಾರ, ದೇವರ ಕಡೆ ತಲಿ ಬರತೈತಿ" ಎಂದಳು ಶಾಂತಾ, ಮಾವನ ಮುಖ ನೋಡಿಯೇ. ನಾನು ಎರಡು ತಿಂಗಳು ಗಂಡನ ಕಾಲು ಕೊಳೆಸಿದ ಧರ್ಮಸಂಕಟ, ಏಳನೇ ಇಯತ್ತೆಯವಳಿಗೆ ಒಂದು ಗುಟುಕು ಚಾ ಕುಡಿಯುವಷ್ಟರಲ್ಲಿ ಬಗೆಹರಿಯಿತು.

ಕಾಲು ತಲೆಗಿಂತ ಮೇಲಾದ ಮನೆ ಉದ್ಧಾರವಾಗುವುದಿಲ್ಲ ಎಂದು ತಿಳಿದವಳು ನಾನು. ಈಗ ದಿನಾ ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೆ, ಎತ್ತರದಲ್ಲಿ, ನನ್ನವೇ ಎರಡು ಕಾಲು. ಸೊಸೆ ಬಂದು ಪಟ್ಟಿ ಸುತ್ತುವ ತನಕ ಅವುಗಳ ಮುಖ ನೋಡುತ್ತಾ ಸುಮ್ಮನೆ ಮಲಗಿರುತ್ತೇನೆ.