ತುರಿಕಿ ಬರ್ಲಿ ಅಂತ ಕಾದವರು

ರೋಗ ಬಂದ ಮನ್ಯಾಗ ನಗಬಾರದು ಅಂತ ಯಾರು ಹೇಳ್ಯಾರೋ ಗೊತ್ತಿಲ್ಲ, ನಮ್ಮ ಮನ್ಯಾಗಂತೂ ಒಂದಿಲ್ಲೊಂದು ನಡೀತಾನ ಇರತೈತಿ.

ನಾನು ಹೈದರಾಬಾದಿನ ಬಾಲಾನಗರದಾಗ ಒಂದು ಕಾರ್ಖಾನ್ಯಾಗ ಇದ್ದಾವ. ಎಡಗಣ್ಣಿನೊಳಗ ಮೆಲನೋಮಾ ಅನ್ನೋ ಕ್ಯಾನ್ಸರ್ ಬಂತು. ಕಣ್ಣು ತೆಗದು ಕೃತಕ ಕಣ್ಣು ಕೂಡಿಸಿದ್ರು. ಆಮ್ಯಾಲೆ ಅದು ಲಿವರಿನಾಗ ಕಾಣಿಸಿಕೊಂಡಿತು.

"ಇಮ್ಯುನೋಥೆರಪಿ ಕೊಡೋಣ. ನಿಮ್ಮ ಮೈಯಾಗಿನ ಶಕ್ತೀನೇ ರೋಗದ ಮ್ಯಾಲೆ ಎಬ್ಬಿಸೋ ಔಷಧ. ಆದ್ರ ಎಲ್ಲಾರಿಗೂ ಹಿಡಿಯಂಗಿಲ್ಲ, ಸ್ಕ್ಯಾನಿನಾಗ ಗೊತ್ತಾಗತೈತಿ" ಅಂದ್ರು ಡಾಕ್ಟರು.

ಅವತ್ತು ಹಾದೀತುಂಬ ಹೆಂಡತಿ ಕಂಡ ಕಂಡ ಗುಡಿಗೆಲ್ಲಾ ಕೈ ಮುಗದಳು.

ಕಷಾಯ

ಮಾದಾಪುರದಾಗ ಸಾಫ್ಟ್‌ವೇರ್ ಕೆಲಸ ಮಾಡೋ ಮಗಳ ಜೋಡಿ ಕೊಂಡಾಪುರದ ಅಪಾರ್ಟ್‌ಮೆಂಟಿನಾಗ ಇದ್ದೀವಿ. ಔಷಧದ ಸುದ್ದಿ ಲಿಫ್ಟಿನಾಗ ಯಾರ ಕಿವಿಗೋ ಬಿದ್ದದ್ದೇ ತಡ, ಇಮ್ಯುನಿಟಿ ಹೆಚ್ಚಲಿ ಅಂತ ಮನಿಮನಿಯಿಂದ ಕಷಾಯ, ನೆಲ್ಲಿಕಾಯಿ ಪುಡಿ, ಅಮೃತಬಳ್ಳಿ ರಸ ಬಂದವು. "ನನ್ನ ಕೇಳದ ಏನೂ ಕುಡೀಬ್ಯಾಡ್ರಿ" ಅಂತ ಡಾಕ್ಟರು ಹೇಳಿದ್ರು. ಮಂದಿ ಪ್ರೀತೀಲೆ ಕೊಟ್ಟದ್ದು ಚೆಲ್ಲಾಕ ಹೆಂಡತಿಗೆ ಮನಸ್ಸಾಗಲಿಲ್ಲ, ತಾನ ಕುಡದಳು. ಆ ಚಳಿಗಾಲಕ್ಕ ಅಪಾರ್ಟ್‌ಮೆಂಟಿಗೆಲ್ಲಾ ನೆಗಡಿ, ಅಕಿ ಒಮ್ಮೆನೂ ಸೀನಲಿಲ್ಲ.

ರೋಗ ನನಗ, ಇಮ್ಯುನಿಟಿ ಅಕಿಗೆ.

ನರ್ಸಿನ ಕಥಿ

ಔಷಧ ಸಲೈನಿನಂಗ ಹನಿಹನಿ ಇಳೀತೈತಿ, ನನಗ ನಿದ್ದಿ ಹತ್ತತೈತಿ. ಆದ್ರ ಕೃತಕ ಕಣ್ಣಿನ ಕಡೆ ರೆಪ್ಪಿ ಪೂರ್ತಿ ಮುಚ್ಚಂಗಿಲ್ಲ. ಒಂದಿನ ಆ ಕಡೆ ಕುಂತ ನರ್ಸು ತನ್ನ ಅತ್ತಿಮನಿ ಕಥಿ ಪೂರಾ ಹೇಳಿ, ಕಣ್ಣೊರಸಿಕೊಂಡು, "ಅಂಕಲ್, ನಡುವ ಬಾಯಿ ಹಾಕದ ಕೇಳಿದವರು ನೀವೊಬ್ರೇ" ಅಂದ್ಳಂತ.

ಹೆಂಡತಿ ನನ್ನ ಎಬ್ಬಿಸಲಿಲ್ಲ. "ಮನ್ಯಾಗೂ ಅವರು ಹಿಂಗ ಕೇಳೋದವ್ವಾ" ಅಂದಳು.

ಕಂಬಳಿ

"ಮೈ ತುರಿಸಿದ್ರ ಹೇಳ್ರಿ. ಔಷಧ ಕೆಲಸ ಸುರು ಮಾಡಿದಾಗ ಒಮ್ಮೊಮ್ಮೆ ಹಂಗಾಗತೈತಿ" ಅಂದಿದ್ರು ಡಾಕ್ಟರು. ಅಷ್ಟೇ ಸಾಕಾತು. ದಿನಾ ಮುಂಜಾನೆ ಚಹಾಕ್ಕಿಂತ ಮೊದಲ ಹೆಂಡತಿ ಕೇಳೋದು, "ಏನ್ರಿ, ತುರಿಸಾಕತ್ತೈತೇನು?" ಇಲ್ಲ ಅಂದ್ರ ಅಕಿ ಮುಖ ಬಾಡತಿತ್ತು. ನನಗೂ ಕೆಟ್ಟನಿಸತಿತ್ತು.

ಆಸ್ಪತ್ರಿ ಎಸಿ ಥಂಡಿ ತಡಿಯಂಗಿಲ್ಲ ಅಂತ ಅಕಿ ತವರಮನಿ ಕರಿ ಕಂಬಳಿ ತಂದು ಹೊದಿಸಿದಳು. ಮರುದಿನಾನ ಭುಜ, ಎದಿ ಎಲ್ಲಾ ತುರಿಕಿ. ನಾ ಕೆರಕೊಂಡಂಗೆಲ್ಲಾ ಅಕಿ ಮುಖ ಅರಳಿತು. ಅಕ್ಕಪಕ್ಕದವರಿಗೆ ಶಿರಾ ಹಂಚಿದಳು.

ಅದೇ ವಾರ ಸ್ಕ್ಯಾನ್ ರಿಪೋರ್ಟು. ನಾ ಕುರ್ಚಿ ಮ್ಯಾಲೆ ಕೂಡೋದ್ರಾಗ ಅಕಿ, "ಭಾಳ ತುರಿಸತೈತ್ರಿ ಡಾಕ್ಟರ್" ಅಂದಳು ಹೆಮ್ಮೀಲೆ. ಡಾಕ್ಟರು ಅಂಗಿ ಬಿಚ್ಚಿಸಿ ನೋಡಿದ್ರು. ಆಮ್ಯಾಲೆ ಅಕಿ ಕಂಕುಳಾಗಿನ ಕಂಬಳಿ ಮುಟ್ಟಿ ನೋಡಿದ್ರು. ತೆಲುಗು ಮನುಷ್ಯ.

"ಇದಕ್ಕ ನಮ್ಮ ಕಡೆ ಗೊಂಗಡಿ ಅಂತಾರ. ನಮ್ಮ ತಾತನ ಹತ್ತಿರಾನೂ ಇತ್ತು. ಅಮ್ಮಾ, ಇದು ಔಷಧದ ತುರಿಕಿ ಅಲ್ಲ, ಇದರದು."

"ಅಂದ್ರ ಔಷಧ ಹಿಡದಿಲ್ಲೇನ್ರಿ?" ಅಂದಳು ಅಕಿ.

ಡಾಕ್ಟರು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದ್ರು. "ತುರಿಕಿ ಬರದಿದ್ರೂ ಔಷಧ ಹಿಡದೈತಿ. ಲಿವರಿನ ಗಂಟು ಸಣ್ಣಾಗ್ಯಾವು ನೋಡ್ರಿ."

ಹೆಂಡತಿ ಅತ್ತಳು. ನನಗ ಕಣ್ಣಿಲ್ಲದ ಕಡೆನೂ ನೀರು ಬಂತು. ಆಮ್ಯಾಲೆ ಅಕಿ ಮೂಗು ಒರಸಿಕೊಂಡು, ಕಂಬಳಿ ಝಾಡಿಸಿ ಮತ್ತ ನನ್ನ ಮ್ಯಾಲೆ ಹೊದಿಸಿದಳು.

"ಇನ್ನ್ಯಾಕಮ್ಮಾ ಅದು?" ಅಂದ್ರು ಡಾಕ್ಟರು.

"ಎರಡರಾಗ ಯಾವುದು ಹಿಡೀತೋ ಯಾರಿಗ್ಗೊತ್ರಿ. ನಿಮ್ಮದು ನೀವು ಕೊಡ್ರಿ, ನಮ್ಮದು ನಾವು ಹೊದಿಸತೀವಿ."