ಬಿಸಿಯಾದ ಮೇಲೆ ನಿಂತಿರಬೇಕು

ಯಜಮಾನರು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವ ಮನುಷ್ಯರಲ್ಲ. ಇದು ಟೀಚರಮ್ಮ ಮದುವೆಯಾದ ವರ್ಷವೇ ಕೊಟ್ಟ ತೀರ್ಪು. ಅದಕ್ಕೆ ಮೇಲ್ಮನವಿಯ ಅವಕಾಶವಿರಲಿಲ್ಲ. ವಿಚಿತ್ರವೆಂದರೆ ಆ ಮನುಷ್ಯ ಹೊಟ್ಟೆ ಹೊರೆಯುತ್ತಿದ್ದದ್ದೇ ಕಿವಿಯಿಂದ. ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವರ ಕಸುಬು. ಯಾರದೋ ಮನೆಯ ಹಜಾರದಲ್ಲಿ ಯಾವುದೋ ತಂತಿ ಕೂದಲೆಳೆಯಷ್ಟು ಸಡಿಲವಾದರೆ ಅವರ ಹುಬ್ಬು ಗಂಟಾಗುತ್ತಿತ್ತು. ಸ್ವಂತ ಹೆಂಡತಿ ಗಂಟಲು ಹರಿಯುವಂತೆ ಕೂಗಿದರೆ, “ಹೂಂ, ಚೆನ್ನಾಗಿದೆ” ಎನ್ನುತ್ತಿದ್ದರು. (ಆಕೆ ಕೂಗಿದ್ದು ಒಗೆದ ಬಟ್ಟೆ ಗಾಳಿಗೆ ಹಾರಿಹೋಗುತ್ತಿದೆ ಎಂದು.)

ಟೀಚರಮ್ಮ ಬದುಕಿಡೀ ವ್ಯಾಕರಣ ಕಲಿಸಿ ಈಚೆಗಷ್ಟೇ ನಿವೃತ್ತರಾದವರು. ಕರ್ತೃಪದವಿಲ್ಲದ ವಾಕ್ಯ ಕಂಡರೆ, ತಲೆಯಿಲ್ಲದ ಮುಂಡ ಕಂಡಂತೆ ಬೆಚ್ಚುತ್ತಿದ್ದರು. ಯಾರು ಮಾಡಿದರು, ಯಾರು ನಿಂತರು, ಯಾರು ಬಿದ್ದರು ಎಂದು ಬರೆಯದವರನ್ನು ಆಕೆ ಫೇಲು ಮಾಡಿದ್ದುಂಟು. ಶಾಲೆಯವರು ಬೀಳ್ಕೊಡುಗೆಯಲ್ಲಿ ಕೊಟ್ಟ ಕಪ್ಪಿನಲ್ಲಿ, ಬಂಗಾರದ ಗೆರೆಯ ಅಂಚನ್ನು ತುಟಿಗೆ ತಾಗಿಸಿಕೊಂಡು, ಮಧ್ಯಾಹ್ನದ ಚಹಾ ಕುಡಿಯುತ್ತಿದ್ದಾಗ ಆ ಕರೆ ಬಂದಿತ್ತು. ಕಡಲ ದಂಡೆಯ ಊರೊಂದರ ಶಾಲೆ. ಅರ್ಧ ವರ್ಷದ ಮಟ್ಟಿಗೆ ಬಂದು ಪಾಠ ಮಾಡುತ್ತೀರಾ? ಇರಲು ಕೋಣೆ ಕೊಡುತ್ತೇವೆ, ಕಿಟಕಿ ತೆರೆದರೆ ನೀರು.

ಟೀಚರಮ್ಮ ಸಮುದ್ರ ಕಂಡವರಲ್ಲ. ಅಂದಿನಿಂದ ಕನಸಿನಲ್ಲಿ ಆಕೆಯ ಮಂಚ ನೀರಿನ ಮೇಲೆ ಅಲುಗಾಡತೊಡಗಿತು. ತರಕಾರಿ ಹೆಚ್ಚುವಾಗ ಮಣೆಯ ಅಂಚಿಗೆ ನೊರೆ ಬಂದು ತಾಗಿ ಹಿಂದೆ ಸರಿಯುತ್ತಿತ್ತು. ಪೂರ್ಣವಿರಾಮ ಹಾಕಬೇಕಾದಲ್ಲಿ ಹಾಕದೆ ಕಿಟಕಿಯತ್ತ ನೋಡುವ ದುರಭ್ಯಾಸ ಶುರುವಾಯಿತು.

ಆದರೆ ಹೋಗುವುದು ಹೇಗೆ? ಹಿಂದೊಮ್ಮೆ ಹಾಲು ನೋಡಿಕೊಳ್ಳಿ ಎಂದು ಹೇಳಿ ಅಂಗಡಿಗೆ ಹೋಗಿದ್ದಾಗ ಯಜಮಾನರು ಹಾಲನ್ನು ನೋಡಿಕೊಂಡಿರಲಿಲ್ಲ, ಕಣ್ಣು ಮುಚ್ಚಿ ಕೇಳಿಕೊಂಡಿದ್ದರು. ಪಾತ್ರೆ ಮೊದಲು ಹಾಡಿತು, ಆಮೇಲೆ ಉಕ್ಕಿತು, ಕೊನೆಗೆ ಕರಕಲಾಯಿತು. “ಕೊನೇಲಿ ಬಂದ ಸ್ವರ ಬಹಳ ಚೆನ್ನಾಗಿತ್ತು ಕಣೆ” ಎಂದಿದ್ದರು. ಇಂಥವರನ್ನು ಬೆಂಕಿಯ ಜೊತೆ ಬಿಟ್ಟು ಹೋದರೆ, ತಿರುಗಿ ಬರುವ ಹೊತ್ತಿಗೆ ಮನೆ ಇರುತ್ತದೆಂದು ಹೇಳಲಾಗದು.

ಹಾಗೆ ಬಂತು ಮೈಕ್ರೋವೇವ್ ಓವನ್. ಬೆಂಕಿಯಿಲ್ಲ, ಹೊಗೆಯಿಲ್ಲ, ಬರೀ ಸೂಕ್ಷ್ಮವಾದ ಅಲೆ. ಹೊತ್ತಾದರೆ ತಾನೇ ಆರುವ ಒಲೆ. ಸಮುದ್ರಕ್ಕೆ ಹೋಗಬೇಕೆಂದಿದ್ದವರ ಅಡುಗೆಮನೆಗೇ ಅಲೆ ಬಂದು ಕೂತಿತ್ತು. ಯಜಮಾನರು ಇದನ್ನು ಪಳಗಿಸಿಕೊಂಡರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಶನಿವಾರ ಶಾಲೆಗೆ ಉತ್ತರ ಹೇಳಬೇಕು.

ಪಾಠ ಆರಂಭವಾಯಿತು.

“ಲೋಹದ್ದು ಏನೂ ಒಳಗೆ ಇಡಬಾರದು. ಚಮಚಾನೂ ಅಷ್ಟೆ. ಗಟ್ಟಿ ಮುಚ್ಚಳ ಹಾಕಿದ ಡಬ್ಬಿ ಇಡಬಾರದು, ಸಿಡಿಯತ್ತೆ. ಖಾಲಿ ಓಡಿಸಬಾರದು. ಕೇಳಿಸ್ತಾ?”

“ಹೂಂ.” ಯಜಮಾನರ ಕಣ್ಣು ಕಿಟಕಿಯಾಚೆಯ ತಂತಿಯ ಮೇಲೆ ಕೂತ ಹಕ್ಕಿಯ ಮೇಲಿತ್ತು.

“ಬಿಸಿ ಆದ್ಮೇಲೆ ತಕ್ಷಣ ಕೈ ಹಾಕಬಾರದು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿರಬೇಕು. ಆಮೇಲೆ ಕಲಕಿ, ಆಮೇಲೆ ಕುಡೀಬೇಕು. ನಾನು ಏನು ಹೇಳ್ದೆ?”

“ಇದರ ಗುಂಯ್ ಅನ್ನೋದು ದೂರದಲ್ಲಿ ಸಮುದ್ರ ಇದ್ದ ಹಾಗಿದೆ.”

“ನಾನು ಹೇಳಿದ್ದು ಅದಲ್ಲ” ಎಂದರು ಟೀಚರಮ್ಮ. ಆದರೂ ಒಂದು ಗಳಿಗೆ ಅವರೂ ಕಿವಿಗೊಟ್ಟರು.

ಅಂದಿನಿಂದ ಯಜಮಾನರು ಓವನ್ನಿನಲ್ಲಿ ಹಾಲಿಟ್ಟು ಗುಂಡಿ ಒತ್ತುತ್ತಿದ್ದರು. ಒಳಗೆ ಹಳದಿ ದೀಪ ಹತ್ತುತ್ತಿತ್ತು. ಬಟ್ಟಲು ಯಾರೂ ವಾಸಿಸದ ಸಣ್ಣದೊಂದು ಗ್ರಹದಂತೆ ಮೆಲ್ಲಗೆ ತಿರುಗುತ್ತಿತ್ತು. ಗಂಟೆ ಬಾರಿಸಿ ದೀಪ ಆರುತ್ತಿತ್ತು. ಯಜಮಾನರು ಮಾತ್ರ ಕದಲುತ್ತಿರಲಿಲ್ಲ. ಕೈ ಕಟ್ಟಿಕೊಂಡು, ಕತ್ತಲಾದ ಗಾಜಿನ ಮುಂದೆ, ತರಗತಿಯ ಹೊರಗೆ ನಿಲ್ಲಿಸಿದ ವಿದ್ಯಾರ್ಥಿಯ ಹಾಗೆ ನಿಂತೇ ಇರುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ನಿಟ್ಟುಸಿರಿಟ್ಟು ಬಾಗಿಲು ತೆರೆಯುತ್ತಿದ್ದರು.

ಟೀಚರಮ್ಮ ಬಾಗಿಲ ಮರೆಯಿಂದ ದಿನವೂ ಇದನ್ನು ಕಂಡರು. ಗಂಟೆ ಹೊಡೆದದ್ದೂ ಕೇಳದ ಈ ಮನುಷ್ಯನನ್ನು ಬಿಟ್ಟು ಹೋಗುವುದೆಂತು? ಕನಸಿನ ಮಂಚದ ಕೆಳಗಿನ ನೀರು ದಿನದಿಂದ ದಿನಕ್ಕೆ ಹಿಂದೆ ಸರಿಯಿತು.

ಶನಿವಾರ ಮಗಳು ಬಂದಳು. ಹಲ್ಲಿನ ಡಾಕ್ಟರು, ಬಾಯಿ ತೆರೆದವರಿಗೆ ಮಾತಾಡಲು ಬಿಡದಿರುವುದು ವೃತ್ತಿಯಿಂದ ಬಂದ ಅಭ್ಯಾಸ.

“ನೋಡು ನಿಮ್ಮಪ್ಪನ ಪ್ರತಾಪಾನ” ಎಂದರು ಟೀಚರಮ್ಮ. “ಇದನ್ನ ನೋಡಿದ ಮೇಲೂ ಹೋಗು ಅಂತೀಯಾ?”

ಯಜಮಾನರು ಹಾಲಿಟ್ಟರು. ಗ್ರಹ ತಿರುಗಿತು. ಗಂಟೆ ಹೊಡೆಯಿತು. ಯಜಮಾನರು ಕೈ ಕಟ್ಟಿ ನಿಂತರು.

“ಅಪ್ಪಾ, ಯಾಕೆ ನಿಂತಿದೀರಿ?”

“ನಿಮ್ಮಮ್ಮ ಹೇಳಿದಾಳೆ.”

“ನಾನೇ?” ಎಂದರು ಟೀಚರಮ್ಮ.

“ಬಿಸಿ ಆದ್ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿರಬೇಕು ಅಂತ. ಮಂಡಿ ನೋಯತ್ತೆ, ಆದರೂ ನಿಂತ್ಕೋತೀನಿ. ಕೂತ್ಕೊಂಡ್ರೆ ಏನಾಗತ್ತೆ ಅಂತ ನೀನು ಹೇಳಲಿಲ್ಲ.”

ಮಗಳು ಗೋಡೆಗೆ ಒರಗಿಕೊಂಡಳು. “ಟೀಚರ್” ಎಂದಳು, “ಯಾರು ನಿಂತಿರಬೇಕು? ಆ ವಾಕ್ಯದಲ್ಲಿ ಕರ್ತೃಪದ ಎಲ್ಲಿ?”

ಟೀಚರಮ್ಮನ ಮುಖ ಕೆಂಪು ಶಾಯಿಯಲ್ಲಿ ತಿದ್ದಿದ ಉತ್ತರಪತ್ರಿಕೆಯಾಯಿತು. “ನಿಂತಿರಬೇಕಾದ್ದು ಹಾಲು, ಮನುಷ್ಯ ಅಲ್ಲ. ಬಿಸಿ ಒಂದೇ ಸಮ ಹರಡಲಿ ಅಂತ.”

“ಹಾಲೂ ನಿಂತಿತ್ತಲ್ಲ” ಎಂದರು ಯಜಮಾನರು, “ನನ್ನ ಜೊತೇಲೇ.”

ಉತ್ತರ ಇಲ್ಲದಾಗ ಮೇಷ್ಟರುಗಳು ಮಾಡುವುದನ್ನೇ ಟೀಚರಮ್ಮ ಮಾಡಿದರು, ಪ್ರಾತ್ಯಕ್ಷಿಕೆಗೆ ಇಳಿದರು. “ಸರೀರಿ ಪಕ್ಕಕ್ಕೆ. ಹೇಗೆ ಮಾಡಬೇಕು ಅಂತ ನಾನೇ ತೋರಿಸ್ತೀನಿ.” ಹಾಲಿನ ಬಟ್ಟಲನ್ನು ಹೊರಗೆ ತೆಗೆದು, ಆರಿಹೋದ ಚಹಾವಿದ್ದ ತಮ್ಮ ಬೀಳ್ಕೊಡುಗೆಯ ಕಪ್ಪನ್ನು ಒಳಗಿಟ್ಟು ಬಾಗಿಲು ಹಾಕಿದರು.

“ಚಿನ್ನ” ಎಂದರು ಯಜಮಾನರು ಮೆಲ್ಲಗೆ.

ಟೀಚರಮ್ಮನ ಬೆರಳು ಗುಂಡಿಯ ಮೇಲೆ ತಡೆಯಿತು. ಈ ಪದ ಈ ಮನೆಯಲ್ಲಿ ಕೇಳಿ ಯುಗಗಳೇ ಆಗಿದ್ದವು. “ಮಗಳ ಮುಂದೆ ಏನ್ರೀ ಇದು?”

“ಚಿನ್ನ. ಚಿನ್ನ ಕಣೆ.”

ಮಗಳು ಸಭ್ಯಳಾಗಿ ಸೂರು ನೋಡಿದಳು. ಟೀಚರಮ್ಮನ ಕಿವಿಯ ತುದಿ ಬೆಚ್ಚಗಾಯಿತು, ಒಳಗೆಲ್ಲೋ ಒಂದು ಅಲೆ ಏರಿತು. ಗಾಂಭೀರ್ಯ ಕಾಪಾಡಿಕೊಳ್ಳಲು ಗುಂಡಿ ಒತ್ತಿಬಿಟ್ಟರು.

ಚಟಪಟ ಎಂದಿತು. ಹಳದಿ ದೀಪದೊಳಗೆ ನೀಲಿ ಮಿಂಚು ಕಪ್ಪಿನ ಅಂಚಿನ ಸುತ್ತ ಓಡಿತು. ಟೀಚರಮ್ಮ ಬಾಯಿ ತೆರೆಯುವ ಮೊದಲೇ ಯಜಮಾನರು ಕೈ ಚಾಚಿ ನಿಲ್ಲಿಸುವ ಗುಂಡಿ ಒತ್ತಿದ್ದರು.

“ಅಂಚಿನಲ್ಲಿ ಚಿನ್ನ ಇದೆ ಅಂದೆ. ಲೋಹದ್ದು ಏನೂ ಇಡಬಾರದು ಅಂತ ನೀನೇ ಹೇಳಿದ್ದು.”

ಗೆರೆ ಸುಟ್ಟು, ಕಪ್ಪು ಹೆಸರಿಗೆ ತಕ್ಕಂತೆ ಕಪ್ಪಾಗಿತ್ತು. ಯಜಮಾನರು ಅದನ್ನು ಉಗುರಿನಿಂದ ತಟ್ಟಿ ಕಿವಿಯ ಹತ್ತಿರ ಹಿಡಿದರು. “ಬಿರುಕು ಬಿಟ್ಟಿಲ್ಲ.”

“ಅಪ್ಪನ್ನ ಬಿಟ್ಟು ಹೋಗೋಕೆ ಏನೂ ಅಡ್ಡಿಯಿಲ್ಲ ಅಮ್ಮ” ಎಂದಳು ಮಗಳು. “ಆದರೆ ಅಲ್ಲಿ ನಿನ್ನ ಕೋಣೇಲೂ ಇಂಥದೇ ಓವನ್ ಇದ್ರೆ? ನಿನ್ನನ್ನ ಒಬ್ಬಳನ್ನೇ ಕಳಿಸೋದು ಹೇಗೆ ಅಂತ ಯೋಚನೆ.”

ಟೀಚರಮ್ಮ ಕುರ್ಚಿಯಲ್ಲಿ ಕೂತರು. ಯಾರನ್ನೂ ಫೇಲು ಮಾಡುವ ಸ್ಥಿತಿಯಲ್ಲಿರಲಿಲ್ಲ.

“ಹೋಗಿ ಬರ್ಲಿ ಬಿಡು” ಎಂದರು ಯಜಮಾನರು. “ಸಮುದ್ರ ಬಿಟ್ಟು ಬೇರೆ ಯಾವುದೂ ಅವಳ ಕಿವಿಗೆ ಬೀಳ್ತಿಲ್ಲ ಈಚೆಗೆ.”

ಅವರು ಬಾಗಿಲು ತೆರೆದು ಒಳಗನ್ನು ಒರೆಸಿದರು. ಬೀರುವಿನಿಂದ ಬಣ್ಣವಾಗಲಿ ಗೆರೆಯಾಗಲಿ ಇಲ್ಲದ ದಪ್ಪ ಪಿಂಗಾಣಿ ಲೋಟವೊಂದನ್ನು ತೆಗೆದು, ಹೊಸದಾಗಿ ಹಾಲು ಹೊಯ್ದು, ಒಳಗಿಟ್ಟರು. ದೂರದ ಸಮುದ್ರ ಗುಂಯ್ ಎಂದಿತು. ಗಂಟೆಯಾಯಿತು. ಹಾಲು ನಿಂತಿತು; ಯಜಮಾನರೂ ನಿಂತರು. ಆಮೇಲೆ ಕಲಕಿ, ತಂದು ಹೆಂಡತಿಯ ಮುಂದಿಟ್ಟರು.

“ಕುಡಿ, ಚಿನ್ನ” ಎಂದರು.

ಟೀಚರಮ್ಮ ಲೋಟವನ್ನು ಬೆಳಕಿಗೆ ತಿರುಗಿಸಿ, ಅಂಚಿನ ಸುತ್ತ ಬೆರಳಾಡಿಸಿ, ಎಲ್ಲ ಕಡೆಯೂ ಚಿನ್ನದ ಗೆರೆಯನ್ನು ಹುಡುಕಿದರು. ಎಲ್ಲೂ ಇರಲಿಲ್ಲ.