ಮಷೀನು ನಿಲ್ಲಿಸಿ ಆಡುವ ಮಾತು

ಕಮಲಾಪುರದಲ್ಲಿ ನನ್ನ ಅಕ್ಕನ ಮಗಳಷ್ಟು ವಾಚಾಳಿ ಇನ್ನೊಬ್ಬಳಿಲ್ಲ. ಹುಟ್ಟಿ ನಲವತ್ತೈದು ವರ್ಷವಾಯಿತು, ಬಾಯಿಂದ ಒಂದು ಶಬ್ದ ಆಡಿದವಳಲ್ಲ, ಕಿವಿಯಿಂದ ಒಂದು ಶಬ್ದ ಕೇಳಿದವಳೂ ಅಲ್ಲ. ಆದರೂ ಓಣಿಯಲ್ಲಿ ಯಾರ ಸೊಸೆ ತವರಿಗೆ ಹೋದಳು, ಯಾಕೆ ಹೋದಳು, ಹೋಗುವಾಗ ಅತ್ತೆಯ ಮುಖ ಹೇಗಿತ್ತು ಎಂಬುದೆಲ್ಲ ಮೊದಲು ಅವಳಿಂದಲೇ ಹೊರಡಬೇಕು. ಎಲ್ಲವೂ ಕೈಯಲ್ಲಿ. ಈ ಕೈಮಾತನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ತಾಯಿ ಮಗಳು ಸೇರಿ ಅಡುಗೆಮನೆಯಲ್ಲಿ ಹುಟ್ಟಿಸಿಕೊಂಡದ್ದು. ಆಮೇಲೆ ಓಣಿಯ ಹೆಂಗಸರೂ ಕಲಿತರು. ಸುದ್ದಿ ಬೇಕಲ್ಲ!

ಈಗ ನಾನೂ ಕಲಿಯುತ್ತಿದ್ದೇನೆ, ಎಪ್ಪತ್ತೆರಡರ ವಯಸ್ಸಿನಲ್ಲಿ. ಮೂವತ್ತೆಂಟು ವರ್ಷದಿಂದ ಅವಳಲ್ಲಿ ನಾನು ಕ್ಷಮೆ ಕೇಳಬೇಕಾಗಿದೆ. ಅದನ್ನು ಅವಳ ಭಾಷೆಯಲ್ಲೇ ಕೇಳಬೇಕೆಂದು ನನ್ನ ಹಟ.

ಅವಳ ಕಸುಬು ಹೊಲಿಗೆ. ತೊಂದರೆ ಇರುವುದು ಅಲ್ಲೇ. ಉಳಿದವರು ಹೊಲಿಯುತ್ತಲೇ ಹರಟುತ್ತಾರೆ. ಇವಳು ಹರಟಬೇಕಾದರೆ ಬಟ್ಟೆ ಬಿಡಬೇಕು, ಮಷೀನು ನಿಲ್ಲಬೇಕು. ಒಮ್ಮೆ ನಾನಿದ್ದಾಗಲೇ ಒಬ್ಬಾಕೆ ರವಿಕೆ ಕೇಳಲು ಬಂದು ಅಕ್ಕನ ಮುಂದೆ ಗೋಳಾಡಿದಳು.

"ಮಾತಿಲ್ಲದಾಕಿ, ಲಗೂ ಹೊಲಿದು ಕೊಡ್ತಾಳ ಅಂತ ಕೊಟ್ಟಿದ್ದೆ ಆಯಿ. ಇಲ್ಲಿ ನೋಡಿದ್ರ ಈಕಿ ಮಾತೇ ಮುಗಿಯವಲ್ದು."

ಮುಖ ನೋಡಿಯೇ ದೂರು ಏನೆಂದು ಮಗಳಿಗೆ ತಿಳಿಯಿತು. ಕುಳಿತಲ್ಲಿಂದಲೇ ಏನೋ ಕೈ ತಿರುವಿದಳು. ಅಕ್ಕ ನಕ್ಕಳು.

"ಏನಂತಾಳ?" ಎಂದಳು ಬಂದಾಕೆ.

"ದಿನಾ ಬಂದು ಮಾತಾಡ್ಸಾಕಿ ನೀನೇ ಅಂತಾಳ."

ಇನ್ನೊಮ್ಮೆ ತಾಯಿ ಮಗಳು ಅಸ್ತರಿನ ಬಟ್ಟೆ ಕೊಳ್ಳಲು ಕಲಬುರಗಿಗೆ ಬಂದಾಗ ಪೇಟೆಯ ಜಗತ್ ಸರ್ಕಲ್ಲಿನವರೆಗೆ ನಾನೂ ಜೊತೆಗೆ ಹೋದೆ. ಅಲ್ಲಿಯ ಹಾರ್ನುಗಳ ಗದ್ದಲ ಕೇಳಬೇಕೆ? ಎದುರಿಗೇ ನಿಂತ ಅಂಗಡಿಯವನಿಗೆ ನಾನು ಮೂರು ಸಲ ಕೂಗಿದರೂ ಅವನು "ಕ್ಯಾ ಬೋಲೆ ಸಾಬ್?" ಎನ್ನುತ್ತಿದ್ದ. ಅಕ್ಕ ರಸ್ತೆಯ ಈಚೆ, ಮಗಳು ಆಚೆ. ನಡುವೆ ಬಸ್ಸು ಅಡ್ಡ ಬಂದಾಗಷ್ಟೇ ಅವರಿಗೆ ತಡೆ. ಬಸ್ಸು ದಾಟಿದ ಕೂಡಲೆ ಬಿಟ್ಟಲ್ಲಿಂದ ಹಿಡಿದು, ಬಟ್ಟೆಯ ಬಣ್ಣ, ಅಳತೆ, ಅಂಗಡಿಯವನ ಮೀಸೆ, ಎಲ್ಲ ಚರ್ಚಿಸಿ ಮುಗಿಸಿದರು. ಆ ದಿನ ಜಗತ್‌ನಲ್ಲಿ ಕಿವುಡರು ಯಾರೆಂದು ನನಗೆ ಸಂಶಯ ಬಂತು.

ಭಾಷೆ ಎಂದರೆ ನಾಲಿಗೆ ಎಂದು ನಾನು ಎಸ್ಸೆಸ್ಸೆಲ್ಸಿ ಓದಿದ ಗರ್ವದಲ್ಲಿ ನಂಬಿದ್ದೆ. ಕಂಡ ವಸ್ತುವನ್ನು ಬೆರಳಿನಿಂದ ತೋರಿಸಬಹುದು. ನಿನ್ನೆಯನ್ನು ಹೇಗೆ ತೋರಿಸುವುದು? ಅಕ್ಕ ಹೇಳಿಕೊಟ್ಟಳು. ಆಗಿಹೋದದ್ದು ಹೆಗಲ ಹಿಂದೆ, ಆಗಬೇಕಾದದ್ದು ಎದೆಯ ಮುಂದೆ, ಆದೀತೋ ಇಲ್ಲವೋ ಎನ್ನುವುದಕ್ಕೆ ಅಂಗೈಯ ಅಲುಗಾಟ. ಸರಿ, ಈ ಭಾಷೆಯಲ್ಲಿ ಸುಳ್ಳು ಹೇಳಲು ಆಗುತ್ತದೆಯೇ?

"ಆಗೂದೇನು, ಭಾಳ ಛಂದ ಹೇಳ್ತಾಳ," ಎಂದಳು ಅಕ್ಕ. "ನೀ ಇನ್ನೊಂದು ಮದುವಿ ಆಗಾಕತ್ತೀದಿ ಅಂತ ಹೋದ ವಾರ ಓಣಿ ತುಂಬ ಹೇಳ್ಯಾಳ."

ನಾನು ಬರುವಾಗ ಬಾಗಿಲುಗಳಲ್ಲಿ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಿಂತದ್ದೇಕೆಂದು ಆಗ ತಿಳಿಯಿತು.

ಒಂದು ದಿನ ಧೈರ್ಯ ಮಾಡಿ ನಾನೇ ಒಂದು ಮಾತು ಜೋಡಿಸಿದೆ: ನಾನು ಎಮ್ಮೆಯನ್ನು ಕಟ್ಟಿದೆ. ಅವಳು ಮಷೀನಿನ ಮೇಲೆ ಬಿದ್ದು ನಕ್ಕಳು. ನಾನು ಕೈಗಳನ್ನು ಹಿಂದುಮುಂದು ಮಾಡಿದ್ದರಿಂದ, ಎಮ್ಮೆಯೇ ನನ್ನನ್ನು ಕಟ್ಟಿಹಾಕಿತ್ತಂತೆ! ಯಾವ ಪುಸ್ತಕದಲ್ಲೂ ಇಲ್ಲದ ಭಾಷೆ, ಆದರೂ ಅದರಲ್ಲಿ ತಪ್ಪು ಒಪ್ಪು ಇವೆ. ಈ ನಿಯಮ ಮಾಡಿದವರು ಯಾರು ಎಂದು ಅಕ್ಕನನ್ನು ಕೇಳಿದೆ. "ಯಾರು ಮಾಡ್ತಾರೋ? ಹಂಗ ಅಂದ್ರ ಹಂಗೇ ತಿಳೀತದ," ಎಂದು ಅವಳು ಸೊಪ್ಪು ಸೋಸುವುದನ್ನು ಮುಂದುವರಿಸಿದಳು. ಓದು ಬರಹವಿಲ್ಲದ ನನ್ನ ಅಕ್ಕ ಒಂದು ಭಾಷೆಯನ್ನೇ ಹೆತ್ತಿದ್ದಾಳೆ, ಅದು ಅವಳಿಗೆ ಗೊತ್ತೂ ಇಲ್ಲ.

ಆ ಭಾಷೆಯನ್ನು ಕೊಲ್ಲಲು ಹೊರಟವನು ನಾನು.

ಆಗ ಹುಡುಗಿಗೆ ಏಳು ವರ್ಷ. ಕೈಯಾಡಿಸುವ ಮಕ್ಕಳಿಗೆ ಬಾಯಿ ಬರುವುದಿಲ್ಲ ಎಂದು ಯಾರೋ ಅಂದದ್ದನ್ನು ನಂಬಿ, ಅವಳನ್ನು ಕಲಬುರಗಿಯ ಗಾಜಿಪುರದ ನನ್ನ ಮನೆಗೆ ಕರೆತಂದೆ. ಮನೆತನದಲ್ಲಿ ಓದಿದವನು ನಾನೊಬ್ಬನೇ, ಅಕ್ಕ ಎದುರಾಡಲಿಲ್ಲ. ದಿನಾ ಬೆಳಿಗ್ಗೆ ಅವಳನ್ನು ಎದುರಿಗೆ ಕೂರಿಸಿ, ಎರಡೂ ಕೈಗಳನ್ನು ಅವಳ ತೊಡೆಯ ಕೆಳಗೆ ಇಡಿಸಿ, "ಅವ್ವ ಅನ್ನು" ಎಂದು ಬಾಯಿ ತೆರೆದು ತೋರಿಸುತ್ತಿದ್ದೆ. ಕೈ ಹೊರಗೆ ಬಂದರೆ ಸ್ಕೇಲಿನಿಂದ ಹೊಡೆಯುತ್ತಿದ್ದೆ. ಹೀಗೆ ನಾಲ್ಕು ತಿಂಗಳು. ಅಕ್ಕ ನೋಡಲು ಬಂದಾಗ ಅವಳು ಓಡಿಹೋಗಿ ತಾಯಿಯ ಮುಂದೆ ನಿಂತಳು. ಅಕ್ಕ ಕೈಯಲ್ಲಿ ಏನೇನೋ ಕೇಳಿದಳು. ಅವಳು ಕೈ ಎತ್ತಲಿಲ್ಲ. ತಿರುಗಿ ನನ್ನ ಮುಖ ನೋಡಿದಳು, ಅಷ್ಟೆ.

ಅಕ್ಕ ಅವಳನ್ನು ಅಂದೇ ಕರೆದುಕೊಂಡು ಹೋದಳು. ಮತ್ತೆ ಅವಳ ಕೈಗೆ ಮಾತು ಬರಲು ಒಂದು ವರ್ಷ ಹಿಡಿಯಿತು. ಅವಳು ಹುಟ್ಟಾ ಕಿವುಡಿ, ನಿಜ. ಮೂಕಿ ಮಾಡಿದವನು ನಾನು.

ಮೊನ್ನೆ ಅಕ್ಕನನ್ನು ಕೇಳಿದೆ. "ತಪ್ಪಾತು ಅನ್ನಾಕ ಕೈ ಹೆಂಗ ಮಾಡೂದು ಅಕ್ಕಾ?"

ಅಕ್ಕ ಒಂದೆರಡು ಬಗೆಯಾಗಿ ಕೈ ತಿರುವಿ ನೋಡಿ ಬಿಟ್ಟಳು. "ಅದು ನಮ್ಮಲ್ಲಿ ಇಲ್ಲೋ ತಮ್ಮಾ. ಸಿಟ್ಟು ಬಂದ್ರ ಸಿಟ್ಟು ಅಂತೀವಿ. ಆಮ್ಯಾಗ ಊಟಕ್ಕ ಕರೀತೀವಿ. ನಡುವಿಂದು ನಮಗ ಎಂದೂ ಬೇಕಾಗೇ ಇಲ್ಲ."

ಇಷ್ಟು ದಿನ ಕಲಿತದ್ದು ಈ ಒಂದು ಮಾತಿಗಾಗಿ, ಆ ಮಾತೇ ಇಲ್ಲ! ಮಗಳ ಮುಂದೆ ಹೋಗಿ ಕೈಮುಗಿದೆ. ಶರಣಬಸವೇಶ್ವರ ಗುಡಿಗೆ ಹೊರಟೆಯಾ ಎಂದು ಕೇಳಿದಳು. ಅಲ್ಲವೆಂದು ತಲೆಯಾಡಿಸಿದೆ. ಬೇರೆ ದಾರಿ ತೋಚಲಿಲ್ಲ. ಅವಳ ಎದುರಿನ ಮಣೆಯ ಮೇಲೆ ಕುಳಿತು, ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅವಳನ್ನೇ ನೋಡಿದೆ.

ಅವಳು ಕತ್ತರಿ ಕೆಳಗಿಟ್ಟಳು. ಬಾಗಿಲಲ್ಲಿ ನಿಂತ ತಾಯಿಯ ಕಡೆ ಒಮ್ಮೆ ನೋಡಿದಳು. ಎದ್ದು ಬಂದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಮೊದಲು ಬಲಗೈಯನ್ನು ಹೊರಗೆ ಎಳೆದಳು, ಆಮೇಲೆ ಎಡಗೈಯನ್ನು. ಅವು ಮರಗಟ್ಟಿದ್ದವು. ತುಸು ಹೊತ್ತು ತಿಕ್ಕಿದಳು.

ನಂತರ ಐದೂ ಬೆರಳು ಕೂಡಿಸಿ ಬಾಯಿಯ ಹತ್ತಿರ ಒಯ್ದು, ಒಳಗಡೆಗೆ ತಲೆ ಬಾಗಿಸಿ ಕರೆದಳು. ಬಾ, ಊಟ ಮಾಡೋಣ.